ಅಪ್‌ಡೇಟ್: ಆ ಮಾತು ಬಿಟ್ಟ ಹುಡುಗನ ಸಿನಿಮಾ ಸಿಕ್ತು!

ಹೋದ ವಾರ ಕೇಳಿದ್ನಲ್ಲ, ದಕ್ಷಿಣ ಆಫ್ರಿಕಾದ ಕರೂ ಬಯಲಲ್ಲಿ ಒಂಟಿ ರೈಲ್ವೆ ಸ್ಟೇಷನ್, ಮಾತೇ ನಿಲ್ಲಿಸಿದ ಹುಡುಗ, ಸರ್ಕಸ್ ಹೋದ್ಮೇಲೂ ಅಲ್ಲೇ ಉಳ್ಕೊಂಡ ಜೋಕರ್, ಈ ಆಫ್ರಿಕಾನ್ಸ್ ಭಾಷೆ ಸಿನಿಮಾ ಯಾರು ಮಾಡಿದ್ದು ಅಂತ? ಅದು 'ಪಾಲ್ಯಾಸ್', ಉತ್ತರ ಕೊಟ್ಟೋರಿಗೆ ತುಂಬಾ ಥ್ಯಾಂಕ್ಸ್. ಡೈರೆಕ್ಟರ್ ಕಟಿಂಕಾ ಹೇನ್ಸ್, ಬರೆದಿದ್ದು ಅವರ ಗಂಡ ಕ್ರಿಸ್ ಬರ್ನಾರ್ಡ್ (1967ರಲ್ಲಿ ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಮಾಡಿದ ಡಾಕ್ಟರ್ ಬರ್ನಾರ್ಡ್ ಬೇರೆ), ಕ್ಯಾಮೆರಾ ಕೂಸ್ ರೂಟ್ಸ್. ಅಪ್ಪನ ಪಾತ್ರದೋರ ಮುಖ ಎಲ್ಲೋ ನೋಡಿದೀನಿ ಅಂದಿದ್ನಲ್ಲ, ಅವ್ರು ಮಾರಿಯಸ್ ವೇಯರ್ಸ್, 'ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ'ಲಿ ಬ್ರೇಕಿಲ್ಲದ ಗಾಡಿ ಜೊತೆ ಒದ್ದಾಡ್ತಾರಲ್ಲ ಅವ್ರೇ! ವರ್ಣಭೇದ ಮುಗಿದ್ಮೇಲೆ ಆ ದೇಶ ಆಸ್ಕರ್‌ಗೆ ಕಳಿಸಿದ ಮೊದಲ್ನೇ ಸಿನಿಮಾನೂ ಇದೇ ಅಂತೆ. ಈ ಭಾನುವಾರ ಅಮ್ಮನ್ನ ಕೂರಿಸ್ಕೊಂಡು ಇನ್ನೊಂದ್ಸಲ ನೋಡ್ತೀನಿ.