ಓದುಗರ ಸ್ಪಂದನ: ಮೊದಲ ಮದುವೆ, ಒಂದೇ ಕ್ಯಾಮೆರಾ

ಸಮಸ್ಯೆ: ಕೆಲಸ ಬಿಟ್ಟು ಫೋಟೋಗ್ರಫಿಗೆ ಇಳಿದಿರುವ ಶಿವಮೊಗ್ಗದ ಯುವತಿ ನಾನು. ಇಲ್ಲಿಯತನಕ ನಾಮಕರಣ, ಹುಟ್ಟುಹಬ್ಬಗಳ ಫೋಟೋ ತೆಗೆದಿದ್ದೇನೆ. ಈಗ ಮೊದಲ ಸಲ ಮದುವೆಯೊಂದನ್ನು ಒಪ್ಪಿಕೊಂಡು ಅಡ್ವಾನ್ಸ್ ಕೂಡ ಪಡೆದಿದ್ದೇನೆ. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಇರುವುದು ಒಂದೇ ಕ್ಯಾಮೆರಾ. ಇದು ನಾನು ತೆಗೆಯುತ್ತಿರುವ ಮೊದಲ ಮದುವೆ ಅಂತ ಮದುವೆ ಮನೆಯವರಿಗೆ ಹೇಳಿಲ್ಲ, ಹೇಳಬೇಕೆ? ತಾಳಿ ಕಟ್ಟುವ ಫೋಟೋ ತಪ್ಪಿಹೋದರೆ ಏನು ಗತಿ ಎಂದು ನಿದ್ದೆ ಬರುತ್ತಿಲ್ಲ.

*

ಒಂದೇ ಕ್ಯಾಮೆರಾ ಹಿಡಿದು ಮದುವೆಗೆ ಹೋಗಬೇಡಮ್ಮ. ಅಡ್ವಾನ್ಸಿನಲ್ಲಿ ಸ್ವಲ್ಪ ತೆಗೆದಿಟ್ಟು ಇನ್ನೊಂದು ಬಾಡಿಯನ್ನು (ಲೆನ್ಸ್ ಇಲ್ಲದ ಕ್ಯಾಮೆರಾ) ಬಾಡಿಗೆಗೆ ತಗೋ. ನಿನ್ನ ಕ್ಯಾಮೆರಾದ ಕಂಪನಿಯದ್ದೇ, ಲೆನ್ಸ್ ಸಿಕ್ಕಿಸುವ ಮೌಂಟ್ ಕೂಡ ಅದೇ ಆದರೆ, ಲೆನ್ಸ್ ಎರಡಕ್ಕೂ ಕೂರುತ್ತದೆ. ಹಿಂದಿನ ದಿನವೇ ತಂದು ಕೈಗೆ ಒಗ್ಗಿಸಿಕೋ. ಎರಡರ ಗಡಿಯಾರವನ್ನೂ ಒಂದೇ ಸಮಯಕ್ಕೆ ಇಡು, ಇಲ್ಲದಿದ್ದರೆ ಆಲ್ಬಂ ಜೋಡಿಸುವಾಗ ತಾಳಿ ಕಟ್ಟಿದ ಮೇಲೆ ಮದುಮಗ ಕಾಶೀಯಾತ್ರೆಗೆ ಹೊರಡುತ್ತಾನೆ!

ಇನ್ನು ತಾಳಿ ವಿಷಯ. ಪುರೋಹಿತರು ವಾದ್ಯದವರಿಗೆ ಕೈ ಎತ್ತಿ ಸನ್ನೆ ಮಾಡುತ್ತಾರಲ್ಲ, ಗಟ್ಟಿಮೇಳಕ್ಕೆ, ಆಗ ನೀನು ಲೆನ್ಸ್ ಬದಲಿಸುತ್ತಾ ಇರಬಾರದು. ಮಂಟಪದ ಸುತ್ತ ಇದ್ದವರೆಲ್ಲ ಒಟ್ಟಿಗೆ ಎದ್ದು ಮೊಬೈಲ್ ಎತ್ತುತ್ತಾರೆ. ಅಕ್ಷತೆ ಹಾರುತ್ತದೆ, ಆಟೋಫೋಕಸ್ ಹೋಗಿ ಅಕ್ಷತೆ ಕಾಳಿನ ಮೇಲೆ ಕೂರುತ್ತದೆ. ಮೊದಲೇ ಮದುಮಗಳ ಮುಖಕ್ಕೆ ಫೋಕಸ್ ಹಿಡಿದಿರು. ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್ 4ರಿಂದ 5.6ರ ಒಳಗಿರಲಿ, 1.8ರ ಮಸುಕು ಹಿನ್ನೆಲೆಯನ್ನು ಜೋಡಿ ಫೋಟೋಕ್ಕೆ ಇಟ್ಟುಕೋ. ಗಂಟು ಹಾಕಲು ಹುಡುಗ ಬಗ್ಗಿದಾಗ ಅವನ ಮೊಳಕೈ ಹುಡುಗಿಯ ಮುಖಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಬೆಳಗ್ಗೆಯೇ ಪುರೋಹಿತರಿಗೆ ನಮಸ್ಕಾರ ಹಾಕಿ, ‘ಮಾಂಗಲ್ಯಧಾರಣೆಗೆ ಹುಡುಗನ್ನ ಯಾವ ಕಡೆ ನಿಲ್ಲಿಸ್ತೀರಿ?’ ಅಂತ ಕೇಳಿಬಿಡು. ಕೇಳಿದವರಿಗೆ ಅವರು ಅರೆಕ್ಷಣ ತಡೆದೂ ಕೊಡುತ್ತಾರೆ. ತಾಳಿಗಿಂತ ಸುಲಭವಾಗಿ ತಪ್ಪಿಹೋಗುವುದು ಅಂತರಪಟ ಸರಿದ ಕೂಡಲೇ ಆಗುವ ಜೀರಿಗೆ-ಬೆಲ್ಲ. ಒಬ್ಬರ ತಲೆ ಮೇಲೆ ಇನ್ನೊಬ್ಬರು ಇಡುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆ ಯಾರೂ ಮೇಳ ಊದಿ ಎಚ್ಚರಿಸುವುದಿಲ್ಲ.

ಆರತಕ್ಷತೆಯಲ್ಲಿ ಹಿಂದೆ ಎಲ್‌ಇಡಿ ಪರದೆ ಇದ್ದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಕರೆಂಟು ಸೆಕೆಂಡಿಗೆ 50 ಸುತ್ತಿನದಾದ್ದರಿಂದ ಛತ್ರದ ಮಾಮೂಲಿ ದೀಪಗಳು 100 ಸಲ ಮಿನುಗುತ್ತವೆ, ಅವುಗಳಿಗೆ 1/100 ಅಥವಾ 1/50 ಸೆಕೆಂಡಿನ ಶಟರ್ ವೇಗ ಹೊಂದುತ್ತದೆ. ಪರದೆಯದ್ದು ಬೇರೆಯೇ ಲೆಕ್ಕ. ಜನ ಸೇರುವ ಮೊದಲೇ ಹೋಗಿ ಒಂದೊಂದು ವೇಗದಲ್ಲೂ ತೆಗೆದು ನೋಡು. ಕಾರ್ಡುಗಳನ್ನು ಮನೆಯವರ ಕೈಗೆ ಆಲ್ಬಂ ಸೇರುವವರೆಗೆ ಅಳಿಸಬೇಡ.

– ಸ್ಟುಡಿಯೋ ಮಾಲೀಕ, ಹಾಸನ

*

ಹೇಳಿಬಿಡು ಮಗಳೇ. ಹೋದ ವರ್ಷ ನನ್ನ ಮಗಳ ಮದುವೆಗೆ ಬಂದವರು ಭಾರಿ ಅನುಭವಸ್ಥರು. ತಾಳಿ ಕಟ್ಟುವ ಹೊತ್ತಿಗೆ ಫೋಟೋದವರು, ವಿಡಿಯೋದವರು, ಲೈಟ್ ಹಿಡಿದ ಹುಡುಗ ಎಲ್ಲ ಸೇರಿ ನಮಗೆ ಬೆನ್ನು ತೋರಿಸಿ ಗೋಡೆಯಂತೆ ನಿಂತರು. ಹೆತ್ತವಳು ನಾನು, ಆ ಗಳಿಗೆಯನ್ನು ನೋಡಿದ್ದು ಆಲ್ಬಮ್ಮಿನಲ್ಲಿ. ಅನುಭವ ಇಲ್ಲದವಳಾದರೆ ನೀನು ಕನಿಷ್ಠ ಕೇಳಿಕೊಂಡು ನಿಲ್ಲುತ್ತೀಯ.

ಇನ್ನೊಂದು. ಗ್ರೂಪ್ ಫೋಟೋಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಗೊತ್ತುಮಾಡಿಕೋ, ಸ್ವಲ್ಪ ದೊಡ್ಡ ಗಂಟಲಿನವರನ್ನು. ‘ಸೋದರತ್ತೆ ಮನೆಯವರು ಬನ್ನಿ’ ಅಂತ ಅವರು ಕೂಗಲಿ. ಯಾರು ಯಾರಿಗೆ ಏನಾಗಬೇಕು ಅಂತ ನಿನಗೆ ಹೇಗೆ ಗೊತ್ತಾಗಬೇಕು? ಮುನಿಸಿಕೊಂಡು ಮೂಲೆಯಲ್ಲಿ ಕೂತ ದೊಡ್ಡಪ್ಪ ಪ್ರತಿ ಮದುವೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ನೀನೇ ಹೋಗಿ ಕರಿ.

– ಗೃಹಿಣಿ, ಮೈಸೂರು

*

ಮೈಸೂರಿನ ಅಮ್ಮ ಬೇಜಾರಾಗಬಾರದು, ನಾನು ಒಪ್ಪುವುದಿಲ್ಲ. ಈಗ ಹೇಳಿದರೆ ಮನೆಯವರಿಗೆ ಮದುವೆ ತನಕ ಅದೇ ಚಿಂತೆ. ಅವರಾಗಿ ಕೇಳಿದರೆ ಸುಳ್ಳು ಹೇಳಬೇಡಿ, ಬೇರೆಯವರು ತೆಗೆದ ಮದುವೆ ಚಿತ್ರಗಳನ್ನು ನಿಮ್ಮದೆಂದು ತೋರಿಸಬೇಡಿ, ಅಷ್ಟು ಸಾಕು. ಅದರ ಬದಲು ಮದುವೆ ತೆಗೆದು ಪಳಗಿದ ಒಬ್ಬರನ್ನು ದಿನಗೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಈ ಮದುವೆಯಲ್ಲಿ ಲಾಭ ಉಳಿಯದಿದ್ದರೆ ಉಳಿಯದಿರಲಿ. ಮಂಟಪದ ಎರಡು ಬದಿಗೆ ಎರಡು ಕ್ಯಾಮೆರಾ ಇದ್ದರೆ ಒಬ್ಬರ ಮುಂದೆ ಯಾರದ್ದೋ ತಲೆ ಬಂದರೂ ಇನ್ನೊಬ್ಬರಿಗೆ ಸಿಗುತ್ತದೆ. ನಿಮಗೆ ನಿದ್ದೆಯೂ ಬರುತ್ತದೆ.

ಅಂದಹಾಗೆ, ಎಲ್ಲರೂ ತಾಳಿ ತಾಳಿ ಅನ್ನುತ್ತಿದ್ದೀರಿ. ನಮ್ಮಲ್ಲಿ ಬಂಟರ ಮದುವೆಗೆ ಹೋದರೆ ಧಾರೆ ಎರೆಯುವುದೇ ಮುಖ್ಯ. ಯಾವ ಮನೆಯವರಿಗೆ ಯಾವುದು ಮುಖ್ಯ ಅಂತ ಮೊದಲೇ ಕೇಳಿ ಬರೆದುಕೊಳ್ಳಿ.

– ಕ್ಯಾಂಡಿಡ್ ಫೋಟೋಗ್ರಾಫರ್, ಮಂಗಳೂರು

*

ಮಂಗಳೂರಿನವರು ಹೇಳಿದ್ದು ಖರೇ. ನಮ್ಮ ಕಡೆ ‘ಅಕ್ಕಿಕಾಳು ಎಷ್ಟಕ್ಕ?’ ಅಂತ, ಅಂದ್ರ ಅಕ್ಷತಿ ಹಾಕೋದು ಎಷ್ಟು ಹೊತ್ತಿಗೆ ಅಂತ ಕೇಳತಾರ ಹೊರತು ತಾಳಿ ಎಷ್ಟಕ್ಕ ಅಂತಲ್ಲ. ಅದಕ್ಕಿಂತ ಮೊದಲ ಸುರಗಿ ಇರತದ. ನಾಲ್ಕು ಮೂಲಿಗೆ ತಂಬಿಗಿ ಇಟ್ಟು, ನೂಲು ಸುತ್ತಿ, ನಡಕ ಕುಂಡ್ರಿಸಿ ನೀರು ಹಾಕತಾರ. ಚಿತ್ರ ಭಾಳ ಛಲೋ ಬರತಾವ, ಆದರ ಅರಿಷಿಣದ ನೀರು ಕ್ಯಾಮೆರಾಕ್ಕ ಸಿಡೀತದ. ಒಂದು ಪ್ಲಾಸ್ಟಿಕ್ ಚೀಲ ತೂತು ಮಾಡಿ ಕಟ್ಟಿಕೊಂಡ್ರ ಆತು. ನೀವು ಶಿವಮೊಗ್ಗದವರು, ಬೀಗರು ಹಾವೇರಿ ಕಡೆಯವರಿದ್ರ ಇದು ಉಪಯೋಗ ಆದೀತು. ಮುಂಚಿನ ದಿನ ಅರಿಷಿಣ ಕಾರ್ಯಕ್ಕೂ ಬರಬೇಕೇನು, ಅದಕ್ಕ ಬ್ಯಾರೆ ರೊಕ್ಕ ಏನು, ಇಬ್ಬರ ಮನೀಗೂ ಈಗ ಹೇಳಿಬಿಡ್ರಿ.

– ನಿವೃತ್ತ ಶಿಕ್ಷಕ, ಧಾರವಾಡ

*

ರೊಕ್ಕದ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಮಾತಿನ ಒಪ್ಪಂದ ಬೇಡ, ಒಂದು ಪುಟ ಸಾಕು. ಎಷ್ಟು ಹೊತ್ತು, ಆಲ್ಬಂ ಎಷ್ಟು ಹಾಳೆ, ಯಾವಾಗ ಕೊಡುತ್ತೀರಿ, ತಿದ್ದದ ಮೂಲ ಫೈಲುಗಳನ್ನು ಕೊಡುತ್ತೀರೋ ಇಲ್ಲವೋ, ಬಾಕಿ ಹಣ ಯಾವಾಗ, ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ.

ಹೊಸಬರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಕ್ಲಿಕ್ ಮಾಡಿದವಳು ನಾನೇ ಅಂತ ಮದುಮಗಳ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮುಂದಿನ ಮದುವೆ ಹಿಡಿಯುವ ಯೋಚನೆ ಇದ್ದರೆ, ಅದಕ್ಕೆ ಒಪ್ಪಿಗೆ ಇದೆ ಎಂಬ ಸಾಲನ್ನೂ ಅದೇ ಪುಟದಲ್ಲಿ ಸೇರಿಸಿ. ಮೊದಲ ಮದುವೆಯ ಚಿತ್ರಗಳೇ ನಿಮ್ಮ ಬಂಡವಾಳ.

– ವಕೀಲೆ, ಬೆಂಗಳೂರು

*

ನಾನು ಅಡುಗೆ ಕಂಟ್ರಾಕ್ಟರ್. ಕ್ಯಾಮೆರಾ ಗೊತ್ತಿಲ್ಲ, ಕ್ಯಾಮೆರಾದವರು ಗೊತ್ತು. ಮುಹೂರ್ತ ಮುಗಿದ ಮೇಲೆ ಗ್ರೂಪ್ ಫೋಟೋ ಅಂತ ಮೂರು ಗಂಟೆವರೆಗೆ ನಿಂತು, ಆಮೇಲೆ ಬಂದು ಸಾರು ಇದೆಯಾ ಅಂತ ಕೇಳ್ತಾರೆ. ಅಷ್ಟೊತ್ತಿಗೆ ಹಂಡೆ ತೊಳೆದಾಗಿರುತ್ತೆ. ಬೆಳಗ್ಗೆ ಛತ್ರಕ್ಕೆ ಬಂದ ಕೂಡಲೇ ಅಡುಗೆಮನೆಗೆ ಬಂದು ‘ನಾವು ಇಷ್ಟು ಜನ’ ಅಂತ ಹೇಳಿ, ತಿಂಡಿ ಮೊದಲ ಪಂಕ್ತಿಯಲ್ಲೇ ಮುಗಿಸಿ. ಮಧ್ಯಾಹ್ನದ್ದು ಎತ್ತಿಡ್ತೀವಿ.

ಹಾಗೇ, ಪಂಕ್ತಿ ಫೋಟೋ ತೆಗೆಯೋದಾದ್ರೆ ಎಲೆಗೆ ಬಡಿಸುವಾಗಲೇ ತೆಗೆದುಬಿಡಿ. ಬೀಗರು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಾಗ ಫ್ಲ್ಯಾಶ್ ಹೊಡೆದ್ರೆ ಅವರು ನಿಮಗೇನೂ ಅನ್ನಲ್ಲ, ಸಾರಿಗೆ ಉಪ್ಪು ಕಡಿಮೆ ಅಂತ ನಮ್ಮ ಮೇಲೆ ರೇಗ್ತಾರೆ.

– ತುಮಕೂರು