ಡಬ್ಬಿಯ ಪೀಚ್ ಕಾಬ್ಲರ್‌ನ ನಡುಭಾಗ ಹಸಿಯಾಗಿಯೇ ಉಳಿಯುವುದೇಕೆ?

ಮಲ್ಲೇಶ್ವರದ ಮಗಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಅಟ್ಲಾಂಟಾದ ಹೊರವಲಯಕ್ಕೆ ಬಂದು ಎರಡು ವರ್ಷವಾಯಿತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರು ಮಾಡಿಕೊಡುವ ಪೀಚ್ ಕಾಬ್ಲರ್ (ಹಣ್ಣನ್ನು ಹಿಟ್ಟಿನೊಂದಿಗೆ ಓವನ್ನಿನಲ್ಲಿ ಬೇಯಿಸಿದ ಸಿಹಿ) ಎಂದರೆ ನನ್ನ ಮಕ್ಕಳಿಬ್ಬರೂ ತಟ್ಟೆಯಲ್ಲಿರುವ ಊಟ ಬಿಟ್ಟು ಏಳುತ್ತಾರೆ. ಅದಕ್ಕೆ ಮೊಟ್ಟೆ ಬೇಡವೆಂದು ತಿಳಿದ ಮೇಲೆ, ಊರಿನಿಂದ ಬಂದಿರುವ ನಮ್ಮ ಅತ್ತೆಯವರಿಗೂ ಮಾಡಿ ಬಡಿಸೋಣವೆಂದು ವಿಧಾನವನ್ನು ಕೇಳಿದೆ. ಅಜ್ಜಿ ಬಾಗಿಲಲ್ಲಿ ನಿಂತೇ ಬೆರಳು ಮಡಚುತ್ತ ಹೇಳಿದರು: ಒಂದು ಕಪ್ ಹಿಟ್ಟು, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಒಂದು ಸ್ಟಿಕ್ ಬೆಣ್ಣೆ, ಒಂದು ದೊಡ್ಡ ಡಬ್ಬಿ ಪೀಚ್. ಬೆಣ್ಣೆಯನ್ನು ಪಾತ್ರೆಯಲ್ಲೇ ಕರಗಿಸಿ, ಅದರ ಮೇಲೆ ಹಿಟ್ಟು ಹೊಯ್ದು, ಹಿಟ್ಟಿನ ಮೇಲೆ ಹಣ್ಣು ಹಾಕಿ, ಕಲಕದೆ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕೆಂಪಗಾಗುವವರೆಗೆ ಬೇಯಿಸಬೇಕು. ಇಷ್ಟೇ.

ನಾನು ಮಾಡಿದ್ದನ್ನು ಏನೂ ಮುಚ್ಚಿಡದೆ ಹೇಳುತ್ತೇನೆ. ಮನೆಯಲ್ಲಿದ್ದ ಆಲ್ ಪರ್ಪಸ್ ಹಿಟ್ಟನ್ನು, ಎಂದರೆ ನಾವು ಮೈದಾ ಎಂದು ಬಳಸುವುದನ್ನು, ಒಂದು ಕಪ್ ಅಳೆದುಕೊಂಡೆ. ಬೆಣ್ಣೆ ಮುಗಿದಿದ್ದರಿಂದ ಅಷ್ಟೇ ಅಳತೆಯ, ಅಂದರೆ ಅರ್ಧ ಕಪ್ ತುಪ್ಪ ಹಾಕಿದೆ. ಚೌಕದ ಪಾತ್ರೆ ಇಲ್ಲದ ಕಾರಣ ಬ್ರೆಡ್ ಬೇಯಿಸುವ ಉದ್ದನೆಯ ಗಾಜಿನ ಪಾತ್ರೆಯನ್ನು ಬಳಸಿದೆ. 29 ಔನ್ಸಿನ ಪೀಚ್ ಡಬ್ಬಿಯನ್ನು ಪಾಕಸಮೇತ ಸುರಿದೆ. ನಲವತ್ತು ನಿಮಿಷಕ್ಕೆ ಅಂಚೆಲ್ಲ ಚೆನ್ನಾಗಿ ಕೆಂಪಗಾಗಿತ್ತು. ಚಮಚ ಹಾಕಿ ನೋಡಿದರೆ ತಳದಲ್ಲಿ ಗೋಂದಿನಂತೆ ಅಂಟುವ ಪದರ, ಅದರ ಮೇಲೆ ಇಟ್ಟ ಜಾಗ ಬಿಟ್ಟು ಕದಲದೆ ಕುಳಿತ ಹಣ್ಣು, ಅದರ ಮೇಲೆ ತೇಲುವ ತುಪ್ಪ. ಇನ್ನೂ ಇಪ್ಪತ್ತು ನಿಮಿಷ ಇಟ್ಟೆ. ಅಂಚು ಕರಕಲಾಯಿತೇ ಹೊರತು ನಡುಭಾಗ ಬದಲಾಗಲಿಲ್ಲ. ಅತ್ತೆಯವರು ಒಂದು ತುತ್ತು ತಿಂದು, "ಪರವಾಗಿಲ್ಲ, ಹಲ್ವದ ಹಾಗಿದೆ" ಎಂದರು. ಅದು ಹೊಗಳಿಕೆಯಲ್ಲವೆಂಬುದು ಹತ್ತು ವರ್ಷ ಸೊಸೆಯಾಗಿರುವ ನನಗೆ ಗೊತ್ತು.

ಬರುವ ಶನಿವಾರ ನಮ್ಮ ಬಳಗದವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಊಟವಿದೆ, ನನ್ನ ಪಾಲಿಗೆ ಸಿಹಿ ಬಂದಿದೆ. ಅಜ್ಜಿ ಮಗಳ ಮನೆಗೆ ಹೋಗಿದ್ದು ಗುರುವಾರದವರೆಗೆ ಬರುವುದಿಲ್ಲ. ತಪ್ಪು ಎಲ್ಲಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಕಣಕ:

ಮುಖ್ಯ ತಪ್ಪು ನಿಮ್ಮದಲ್ಲ, ಅಜ್ಜಿಯವರದೂ ಅಲ್ಲ. ಅದು ಹಿಟ್ಟು ಎಂಬ ಮಾತಿನದು. ಮಂಡ್ಯದ ಕಡೆ ಮನೆಗೆ ಬಂದವರನ್ನು "ಹಿಟ್ಟು ಉಂಡ್ರಾ?" ಎಂದು ಕೇಳಿದರೆ ಅದು ರಾಗಿಮುದ್ದೆಯೇ ಎಂದು ಯಾರೂ ಬಿಡಿಸಿ ಹೇಳುವುದಿಲ್ಲವಷ್ಟೆ? ಹಾಗೆಯೇ ಅಮೆರಿಕದ ದಕ್ಷಿಣ ರಾಜ್ಯಗಳ ಅನೇಕ ಹಳೆಯ ಅಡುಗೆಮನೆಗಳಲ್ಲಿ ಹಿಟ್ಟು ಎಂದರೆ ಸೆಲ್ಫ್ ರೈಸಿಂಗ್ ಹಿಟ್ಟು. ಅಲ್ಲಿ ದಿನನಿತ್ಯ ಬಿಸ್ಕತ್ತು, ಅಂದರೆ ನಮ್ಮ ಚಹಾದ ಬಿಸ್ಕತ್ತಲ್ಲ, ಮೆತ್ತಗಿನ ಬನ್ನಿನಂಥದ್ದು, ಮಾಡುವ ರೂಢಿಯಿರುವುದರಿಂದ ಉಬ್ಬಿಸುವ ಪುಡಿ ಮತ್ತು ಉಪ್ಪು ಮೊದಲೇ ಬೆರೆತಿರುವ ಈ ಹಿಟ್ಟು ಡಬ್ಬಿ ತುಂಬ ಇದ್ದೇ ಇರುತ್ತದೆ. (ಇದು ಅಮೆರಿಕದಲ್ಲಿ ಹುಟ್ಟಿದ್ದೂ ಅಲ್ಲ; 1845ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೆನ್ರಿ ಜೋನ್ಸ್ ಎಂಬ ಬೇಕರಿಯವರು ಇದಕ್ಕೆ ಪೇಟೆಂಟ್ ಪಡೆದರು.) ನೀವು ಹಾಕಿದ ಆಲ್ ಪರ್ಪಸ್ ಹಿಟ್ಟಿನಲ್ಲಿ ಉಬ್ಬಿಸುವಂಥದ್ದು ಏನೂ ಇರಲಿಲ್ಲ.

ಈ ತಿನಿಸಿನ ಆಟವಿರುವುದೇ ಅಲ್ಲಿ. ತಳದಲ್ಲಿ ಬಿಸಿ ಬೆಣ್ಣೆ, ಮೇಲೆ ಹಿಟ್ಟು, ಅದರ ಮೇಲೆ ಹಣ್ಣು ಹೀಗೆ ಮೂರು ಪದರವಾಗಿ ಒಳಗೆ ಹೋದದ್ದು ತಲೆಕೆಳಗಾಗಿ ಹೊರಬರಬೇಕು. ಬೇಕಿಂಗ್ ಪೌಡರ್ ಬಿಡುವ ಗುಳ್ಳೆಗಳಿಂದ ಹಿಟ್ಟು ಹಗುರವಾಗಿ ಹಣ್ಣಿನ ಸಂದುಗಳಲ್ಲಿ ಮೇಲೇರುತ್ತದೆ, ಹಣ್ಣು ಕೆಳಗಿಳಿಯುತ್ತದೆ, ಅಂಚಿಗೆ ಸರಿದ ಬೆಣ್ಣೆಯಲ್ಲಿ ಹಿಟ್ಟು ಗುಳಿಯಪ್ಪದ ಅಂಚಿನಂತೆ ಗರಿಗರಿಯಾಗುತ್ತದೆ. ಕಲಕಬಾರದೆಂದು ಅಜ್ಜಿ ಹೇಳಿದ್ದು ಇದಕ್ಕೇ. ಉಬ್ಬದ ಹಿಟ್ಟು ಏಳುವುದಿಲ್ಲ. ಹಣ್ಣಿನ ಪಾಕವನ್ನೆಲ್ಲ ಕುಡಿದು ತಳದಲ್ಲಿ ಗೋಂದಾಗುತ್ತದೆ. ಹಣ್ಣು ಇಟ್ಟ ಜಾಗದಲ್ಲೇ ಕುಳಿತಿತ್ತೆಂದು ನೀವು ಬರೆದ ಒಂದು ವಾಕ್ಯದಿಂದಲೇ ನನಗೆ ಇದು ಖಚಿತವಾಯಿತು.

ಸೆಲ್ಫ್ ರೈಸಿಂಗ್ ಹಿಟ್ಟು ಕೊಳ್ಳಲೇಬೇಕೆಂದಿಲ್ಲ. ಒಂದು ಕಪ್ ಆಲ್ ಪರ್ಪಸ್ ಹಿಟ್ಟಿಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಕಾಲು ಟೀ ಚಮಚ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಪೌಡರ್ ಹಳೆಯದಾಗಿದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ತಕ್ಷಣ ಬುಸುಬುಸು ನೊರೆ ಬರದಿದ್ದರೆ ಅದನ್ನು ಎಸೆದುಬಿಡಿ. ಸಕ್ಕರೆ ಬೆರೆಸಿ ಹಾಲು ಹೊಯ್ದ ಮೇಲೆ ಹೆಚ್ಚು ಕಲಕದಿರಿ, ಸಣ್ಣ ಗಂಟುಗಳು ಉಳಿದರೆ ಉಳಿಯಲಿ. ಹದವು ನೀರುದೋಸೆ ಹಿಟ್ಟಿನಷ್ಟು ತೆಳುವೂ ಅಲ್ಲ, ಇಡ್ಲಿ ಹಿಟ್ಟಿನಷ್ಟು ಗಟ್ಟಿಯೂ ಅಲ್ಲ. ಸೌಟಿನಿಂದ ನಿಧಾನವಾಗಿ ಇಳಿಯುವ ಸೆಟ್ ದೋಸೆ ಹಿಟ್ಟಿನ ಹದ. ಹಾಲು ತೀರಿಹೋಗಿದ್ದರೆ ಡಬ್ಬಿಯ ಇವ್ಯಾಪೊರೇಟೆಡ್ ಹಾಲು (ನೀರಿನಂಶ ಇಂಗಿಸಿದ, ಸಕ್ಕರೆಯಿಲ್ಲದ ಹಾಲು) ಅರ್ಧ ಕಪ್ಪಿಗೆ ಅರ್ಧ ಕಪ್ ನೀರು ಸೇರಿಸಿದರೆ ಸಾಕು. ಅಂಗಡಿಗೆ ಹೋಗದೆ ಮಾಡುವ ತಿನಿಸಿದು.

ಇನ್ನು ತುಪ್ಪದ ಮಾತು. ಇಲ್ಲಿ ಮಾರುವ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಮಾತ್ರ ಜಿಡ್ಡು, ಉಳಿದದ್ದರಲ್ಲಿ ಹೆಚ್ಚಿನದು ನೀರು. ತುಪ್ಪ ಬಹುಪಾಲು ಶುದ್ಧ ಜಿಡ್ಡು. ಒಂದು ಸ್ಟಿಕ್ ಬೆಣ್ಣೆ 113 ಗ್ರಾಂ. ಅದರ ಜಾಗದಲ್ಲಿ 90 ಗ್ರಾಂ, ಅಂದರೆ ಆರೂವರೆ ಟೇಬಲ್ ಚಮಚ ತುಪ್ಪ ಮತ್ತು ಒಂದೂವರೆ ಚಮಚ ಹೆಚ್ಚು ಹಾಲು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಬೆಣ್ಣೆಯೇ ಇರಲಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಅಂಚಿನಲ್ಲಿ ಕೆಂಪಗಾದಾಗ ಬರುವ ಪರಿಮಳ ಬೇರೆ, ತುಪ್ಪದ ಘಮ ಬೇರೆ. ಪೀಚ್ ಹಣ್ಣಿಗೆ ತುಪ್ಪದ ಘಮ ಒಗ್ಗುವುದಿಲ್ಲ.

ಕೊಲಂಬಿಯಾ ನಿವಾಸಿ:

ಕಣಕ ಅವರು ಹಿಟ್ಟಿನ ವಿಷಯದಲ್ಲಿ ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಪಾತ್ರೆಯನ್ನು ಬಿಟ್ಟರು. ಬ್ರೆಡ್ ಪಾತ್ರೆ ಕಿರಿದು ಮತ್ತು ಆಳ. ಅದರಲ್ಲಿ ಹಿಟ್ಟು ಸರಿಯಾಗಿದ್ದರೂ ನಡುಭಾಗ ಬೇಯುವ ಹೊತ್ತಿಗೆ ಅಂಚು ಕಪ್ಪಾಗುತ್ತದೆ. ಈ ಅಳತೆಗೆ ಎಂಟು ಇಂಚಿನ ಚೌಕದ ಪಾತ್ರೆ ಅಥವಾ ಹತ್ತು ಇಂಚಿನ ಎರಕದ ಕಬ್ಬಿಣದ ಬಾಣಲೆ ಹೇಳಿ ಮಾಡಿಸಿದ್ದು. ಗಾಜಿನ ಪಾತ್ರೆಯೇ ಆದರೆ ಉರಿಯನ್ನು 325ಕ್ಕೆ ಇಳಿಸಿ. ಗಾಜು ನಿಧಾನವಾಗಿ ಕಾದರೂ ಕಾದ ಮೇಲೆ ಶಾಖವನ್ನು ಬಿಡುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನು ಅನುಭವದಿಂದ ಹೇಳುತ್ತೇನೆ: ಓವನ್ನಿನಿಂದ ತೆಗೆದ ಗಾಜಿನ ಪಾತ್ರೆಗೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲಿನ ಹಿಟ್ಟು ಹೊಯ್ದು, ಪಾತ್ರೆ ಠಪ್ಪೆಂದು ಎರಡು ಹೋಳಾಗಿ, ಕರಗಿದ ಬೆಣ್ಣೆಯೆಲ್ಲ ಓವನ್ ಬಾಗಿಲಿನ ಸಂದಿಗೆ ಹರಿದು, ಮುಂದಿನ ಒಂದು ವಾರ ಏನು ಬೇಯಿಸಿದರೂ ಮನೆ ತುಂಬ ಹೊಗೆಯಾಗುತ್ತಿತ್ತು. ಗಾಜಾದರೆ ಬೆಣ್ಣೆಯನ್ನು ಬೇರೆ ಕಡೆ ಕರಗಿಸಿ ಸುರಿಯಿರಿ.

ಪಾಕವನ್ನೂ ಪೂರ್ತಿ ಹಾಕಬಾರದು. ಡಬ್ಬಿಯ ಮೇಲೆ ಹೆವಿ ಸಿರಪ್ ಎಂದಿದ್ದರೆ ಅದು ಗಟ್ಟಿ ಸಕ್ಕರೆ ಪಾಕ. ಹಣ್ಣನ್ನು ಜರಡಿಗೆ ಸುರಿದು, ಪಾಕದಲ್ಲಿ ಅರ್ಧ ಕಪ್ಪಿಗಿಂತ ಹೆಚ್ಚು ಬಳಸಬೇಡಿ, ಮತ್ತು ಹಿಟ್ಟಿನ ಸಕ್ಕರೆಯನ್ನು ಮುಕ್ಕಾಲು ಕಪ್ಪಿಗೆ ಇಳಿಸಿ. ಹಣ್ಣಿನ ಮೇಲೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿದರೆ ಡಬ್ಬಿಯ ಸಪ್ಪೆ ಸಿಹಿ ಹೋಗಿ ಹಣ್ಣಿಗೆ ಜೀವ ಬರುತ್ತದೆ. ಡಬ್ಬಿಯ ಹಣ್ಣು ಮೊದಲೇ ಬೆಂದಿರುವುದರಿಂದ ಅದನ್ನು ಬೇರೆ ಬೇಯಿಸಬೇಕಾಗಿಲ್ಲ.

ಅಂದಹಾಗೆ, ಜಾರ್ಜಿಯಾದವರು ತಮ್ಮದು ಪೀಚ್ ರಾಜ್ಯವೆಂದು ವಾಹನದ ನಂಬರ್ ಪ್ಲೇಟಿನ ಮೇಲೂ ಹಣ್ಣಿನ ಚಿತ್ರ ಹಾಕಿಕೊಳ್ಳುತ್ತಾರೆ, ಆದರೆ ನಮ್ಮ ಸೌತ್ ಕ್ಯಾರೊಲೈನಾ ಅವರಿಗಿಂತ ಹೆಚ್ಚು ಪೀಚ್ ಬೆಳೆಯುತ್ತದೆ. ನಮ್ಮಿಬ್ಬರಿಗಿಂತ ಹೆಚ್ಚು ಬೆಳೆಯುವುದು ಕ್ಯಾಲಿಫೋರ್ನಿಯಾ. ಬೀಜಕ್ಕೆ ಅಂಟಿಕೊಳ್ಳುವ ಗಟ್ಟಿ ತಿರುಳಿನ ಜಾತಿ ಬೇಯಿಸಿದರೂ ಚೂರಾಗದ ಕಾರಣ ಡಬ್ಬಿಗೆ ಅದನ್ನೇ ಆರಿಸುತ್ತಾರೆ, ಅದೂ ಅಲ್ಲಿಂದಲೇ ಬರುತ್ತದೆ.

ಹಳೇ ಒಲೆ:

ಇಬ್ಬರೂ ಚೆನ್ನಾಗಿ ವಿವರಿಸಿದ್ದೀರಿ, ಆದರೂ ನನ್ನದೊಂದು ತಕರಾರಿದೆ. ಹೊಯ್ಯುವ ಹಿಟ್ಟಿನ ಈ ಬಗೆಯು ಸುಲಭವೇನೋ ಹೌದು, ಆದರೆ ಹೆಚ್ಚು ಜನರಿಗೆ ಮಾಡುವಾಗ ಅದನ್ನು ನಾನು ನಂಬುವುದಿಲ್ಲ. ನಡುಭಾಗ ಬೆಂದಿದೆಯೋ ಇಲ್ಲವೋ ಎಂಬ ಆತಂಕ ಕೊನೆಯವರೆಗೂ ಇರುತ್ತದೆ. ಕಾಬ್ಲರ್ ಹಳೆಯ ತಿನಿಸು. 1839ರಲ್ಲಿ ಪ್ರಕಟವಾದ ಕೆಂಟಕಿಯ ಅಡುಗೆ ಪುಸ್ತಕವೊಂದರಲ್ಲೇ ಪೀಚ್ ಹಣ್ಣಿನ ಕಾಬ್ಲರ್ ಬಂದಿದೆ, ಅದು ಕಣಕದಂಥ ಹಿಟ್ಟಿನ ಹೊದಿಕೆಯದು. ನಾನು ಮಾಡುವುದು ಬಿಸ್ಕತ್ತಿನ ಹಿಟ್ಟನ್ನು ಉಂಡೆಯುಂಡೆಯಾಗಿ ಹಣ್ಣಿನ ಮೇಲೆ ಇಡುವ ಬಗೆ.

ಒಂದು ಕಪ್ ಹಿಟ್ಟು, ಎರಡು ಟೇಬಲ್ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಇದಕ್ಕೆ ನಾಲ್ಕು ಟೇಬಲ್ ಚಮಚ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ, ದಪ್ಪ ರವೆಯಂತಾದಾಗ ಸುಮಾರು ಅರ್ಧ ಕಪ್ ಹಾಲು ಸೇರಿಸಿ ಒಟ್ಟುಗೂಡಿಸಬೇಕು, ನಾದಬಾರದು. ಹಣ್ಣನ್ನು ಒಂದು ಚಮಚ ಕಾರ್ನ್‌ಸ್ಟಾರ್ಚ್ ಕದಡಿದ ಪಾಕದೊಂದಿಗೆ ಒಲೆಯ ಮೇಲೆ ಕುದಿಸಿ, ಕುದಿಯುತ್ತಿರುವಾಗಲೇ ಪಾತ್ರೆಗೆ ಸುರಿದು, ಅದರ ಮೇಲೆ ಹಿಟ್ಟನ್ನು ಚಮಚದಿಂದ ಅಲ್ಲಲ್ಲಿ ಹಾಕಿ 400 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಹಣ್ಣು ಕುದಿಯುತ್ತಿರಬೇಕೆಂಬುದನ್ನು ಮರೆಯಬೇಡಿ. ತಣ್ಣಗಿದ್ದರೆ ಹಿಟ್ಟಿನ ಅಡಿಭಾಗ ಬೇಯುವುದೇ ಇಲ್ಲ. ಮೇಲ್ಭಾಗ ಕಲ್ಲುಹಾಸಿನಂತೆ ಉಬ್ಬುತಗ್ಗಾಗಿ ಕಾಣುತ್ತದೆ, ಯಾವ ಉಂಡೆ ಬೆಂದಿಲ್ಲವೆಂದು ಎತ್ತಿ ನೋಡಬಹುದು.

ಮಲ್ಲೇಶ್ವರದ ಮಗಳು:

ಮೂವರಿಗೂ ಧನ್ಯವಾದಗಳು. ಹಳೇ ಒಲೆ ಅವರೇ, ನಿಮ್ಮ ವಿಧಾನವನ್ನು ಬರೆದಿಟ್ಟುಕೊಂಡಿದ್ದೇನೆ, ಆದರೆ ಮೊದಲು ಅಜ್ಜಿಯವರದನ್ನೇ ಗೆಲ್ಲಬೇಕೆಂಬ ಹಟ ನನಗೆ. ಒಂದು ಸಣ್ಣ ಸಂದೇಹ: ಇಲ್ಲಿ ಎಲ್ಲ ಕನ್ನಡಿಗರ ಮನೆಯಲ್ಲೂ ಇರುವಂತೆ ನಮ್ಮಲ್ಲಿಯೂ ಆಪೂಸ್ ಮಾವಿನ ತಿರುಳಿನ ಡಬ್ಬಿಗಳು ನಾಲ್ಕು ಬಿದ್ದಿವೆ. ಪೀಚ್ ಬದಲು ಅದನ್ನು ಹಾಕಬಹುದೇ?

ಕಣಕ:

ಬೇಡ. ಹಿಟ್ಟು ಮೇಲೇರುವುದು ಹಣ್ಣಿನ ಹೋಳುಗಳ ನಡುವಿನ ಸಂದಿನಿಂದ, ತಿರುಳಿಗೆ ಸಂದೆಲ್ಲಿ? ಅದು ಹಿಟ್ಟಿನೊಂದಿಗೆ ಬೆರೆತು ಮತ್ತೆ ನಿಮ್ಮ ಅತ್ತೆಯವರ ಹಲ್ವವೇ ಆಗುತ್ತದೆ. ತಿರುಳನ್ನು ಸೀಕರಣೆಗೆ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಮಾವಿನ ಹೋಳುಗಳೇ ಸಿಕ್ಕರೆ ಧಾರಾಳವಾಗಿ ಹಾಕಬಹುದು, ಫ್ರೀಜರಿನ ಬೆರಿ ಹಣ್ಣುಗಳನ್ನೂ ಹಾಕಬಹುದು. ಆದರೆ ಅವು ಬಹಳ ನೀರು ಬಿಡುವುದರಿಂದ ಕರಗಿಸಿ, ನೀರು ಬಸಿದು, ಒಂದು ಚಮಚ ಕಾರ್ನ್‌ಸ್ಟಾರ್ಚ್ ಹೊರಳಿಸಿ ಹಾಕಬೇಕು.

ಬೆಂದದ್ದನ್ನು ಬಣ್ಣ ನೋಡಿ ತೀರ್ಮಾನಿಸಬೇಡಿ. ಐವತ್ತು ನಿಮಿಷಕ್ಕೆ ಕಡ್ಡಿಯನ್ನು ಹಣ್ಣಿಗೆ ತಾಗದಂತೆ ನಡುವಿನ ಹಿಟ್ಟಿಗೆ ಚುಚ್ಚಿ. ಹಸಿ ಹಿಟ್ಟು ಅಂಟದೆ ಬರಬೇಕು. ಥರ್ಮಾಮೀಟರ್ ಇದ್ದರೆ 200 ಡಿಗ್ರಿ ತೋರಿಸಿದಾಗ ತೆಗೆಯಿರಿ. ತೆಗೆದ ಕೂಡಲೇ ಬಡಿಸದೆ ಅರ್ಧ ಗಂಟೆ ಬಿಡಿ, ಶಾವಿಗೆ ಪಾಯಸದಂತೆ ಇದೂ ಆರಿದಷ್ಟೂ ಗಟ್ಟಿಯಾಗುತ್ತದೆ.

ಮಲ್ಲೇಶ್ವರದ ಮಗಳು:

ವರದಿ ಒಪ್ಪಿಸುತ್ತಿದ್ದೇನೆ. ಅಜ್ಜಿ ಗುರುವಾರ ಸಂಜೆ ಬಂದರು. ನಾನು ನೇರವಾಗಿ ಅವರ ಅಡುಗೆಮನೆಗೆ ಹೋಗಿ ಹಿಟ್ಟು ತೋರಿಸಿ ಎಂದೆ. ಹೆಸರಿನ ಚೀಟಿ ಏನೂ ಇಲ್ಲದ ತಗಡಿನ ಡಬ್ಬಿ, ಒಳಗೆ ಬಿಳಿ ಹಿಟ್ಟು. ಖಾಲಿ ಚೀಲವನ್ನು ಕಪಾಟಿನಿಂದ ತೆಗೆದು ತೋರಿಸಿದರೆ ಅದರ ಮೇಲೆ ದಪ್ಪಕ್ಷರದಲ್ಲಿ ಸೆಲ್ಫ್ ರೈಸಿಂಗ್ ಎಂದಿತ್ತು. ನಾನು ಬೇರೆ ಹಿಟ್ಟು ಹಾಕಿದೆನೆಂದು ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ, ಎಂಟು ಇಂಚಿನ ತಮ್ಮ ಅಲ್ಯುಮಿನಿಯಂ ಪಾತ್ರೆಯನ್ನೂ ಕೊಟ್ಟು ಕಳಿಸಿದರು.

ಮನೆಯ ಮೈದಾಕ್ಕೇ ಬೇಕಿಂಗ್ ಪೌಡರ್ ಮತ್ತು ಉಪ್ಪು ಬೆರೆಸಿ, ಬೆಣ್ಣೆ ಹಾಕಿ, ಪಾಕ ಬಸಿದು ಮಾಡಿದೆ. ಇಪ್ಪತ್ತು ನಿಮಿಷದವರೆಗೆ ಓವನ್ನಿನ ಗಾಜಿನ ಹಿಂದೆ ಏನೂ ನಡೆಯಲಿಲ್ಲ. ನನ್ನ ಎದೆ ಕುಸಿಯಿತು. ಆಮೇಲೆ ಒಂದು ಮೂಲೆಯಲ್ಲಿ ಹಿಟ್ಟು ಹಣ್ಣಿನ ಹೋಳೊಂದನ್ನು ಬದಿಗೆ ತಳ್ಳಿ ತಲೆಯೆತ್ತಿತು, ಹತ್ತು ನಿಮಿಷದಲ್ಲಿ ಪೀಚ್ ಎಲ್ಲ ಮುಳುಗಿಹೋಯಿತು. ಐವತ್ತೈದು ನಿಮಿಷಕ್ಕೆ ಕಡ್ಡಿಗೆ ಏನೂ ಅಂಟಲಿಲ್ಲ. ಮುಕ್ಕಾಲು ಕಪ್ ಸಕ್ಕರೆಯೂ ನಮ್ಮ ಬಾಯಿಗೆ ತುಸು ಹೆಚ್ಚೇ ಆಯಿತು, ಮುಂದಿನ ಸಲ ಅರ್ಧ ಕಪ್ ಹಾಕಿ ನೋಡುತ್ತೇನೆ. ಅತ್ತೆಯವರು ಈ ಬಾರಿ ಏನೂ ಹೇಳಲಿಲ್ಲ, ಬಟ್ಟಲನ್ನು ಮತ್ತೆ ಮುಂದೆ ಚಾಚಿದರು. ಶನಿವಾರಕ್ಕೆ ಎರಡು ಪಾತ್ರೆ ಮಾಡುವವಳಿದ್ದೇನೆ, ಗರಿಗರಿ ಮೂಲೆಗಳು ಒಟ್ಟು ಎಂಟು ಸಿಗುತ್ತವೆ. ಅದರಲ್ಲಿ ಎರಡನ್ನು ಮಕ್ಕಳು ಈಗಲೇ ಕಾದಿರಿಸಿದ್ದಾರೆ.