ಟೊರೆಂಟ್ ಹಾಕಿದ ಕೂಡಲೇ ಹಾರ್ಡ್ ಡಿಸ್ಕ್ 100%, ಲ್ಯಾಪ್‌ಟಾಪ್ ಹ್ಯಾಂಗ್

ಕಾಪು ಬೀಚ್:
ನಮಸ್ಕಾರ. ನನ್ನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಉಂಟು. ವಿಂಡೋಸ್ 10, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು). ಇಂಟರ್ನೆಟ್ ಆರ್ಕೈವ್‌ನಿಂದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್, ಯಕ್ಷಗಾನದ ಆಡಿಯೋ, ಆಗಾಗ ಉಬುಂಟು ಐಎಸ್‌ಒ, ಇಂಥವನ್ನೆಲ್ಲ ಟೊರೆಂಟ್‌ನಲ್ಲಿ, ಅಂದರೆ ಹಲವರ ಕಂಪ್ಯೂಟರಿನಿಂದ ತುಂಡು ತುಂಡಾಗಿ, ಇಳಿಸುತ್ತೇನೆ. ಮೊದಲು ತೊಂದರೆ ಇರಲಿಲ್ಲ. ಮನೆಗೆ 100 ಎಂಬಿಪಿಎಸ್ ಫೈಬರ್ ಬಂದ ಮೇಲೆ ಟೊರೆಂಟ್ ಇಳಿಸುವ ಸಾಫ್ಟ್‌ವೇರ್ ಕ್ಯೂಬಿಟ್‌ಟೊರೆಂಟ್ ಓಪನ್ ಮಾಡಿದರೆ ಸಾಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತದೆ, ಮೌಸ್ ಕೂಡ ಅಲ್ಲಾಡುವುದಿಲ್ಲ. ಡೌನ್‌ಲೋಡ್ ಸ್ಪೀಡ್ ಮೇಲೆ ಹೋಗುತ್ತದೆ, ಮತ್ತೆ ಸೊನ್ನೆಗೆ ಬೀಳುತ್ತದೆ. ರಿಪೇರಿ ಅಂಗಡಿಯಲ್ಲಿ ಡಿಸ್ಕ್ ಹೋಗಿದೆ, ಬದಲಿಸಿ ಅಂದರು. ನಿಜಾನಾ?

ಸುರತ್ಕಲ್ ಸಿಗ್ನಲ್:
ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೆ, ಮೊದಲು ಪರೀಕ್ಷೆ ಮಾಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್ (ಕೆಟ್ಟು ಬದಲಿ ಕೊಟ್ಟ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಆಗದ ಜಾಗ) ಈ ಎರಡು ಸಾಲು ನೋಡಿ. ರಾ ವ್ಯಾಲ್ಯೂ ಸೊನ್ನೆ ಇದ್ದರೆ ಡಿಸ್ಕ್ ಹೋಗಿದೆ ಅನ್ನಲು ಸದ್ಯಕ್ಕೆ ಆಧಾರ ಇಲ್ಲ. ಪೆಂಡಿಂಗ್ ಸೆಕ್ಟರ್ ಇದ್ದು ದಿನ ಹೋದ ಹಾಗೆ ಏರುತ್ತಿದ್ದರೆ ಮಾತ್ರ ಇವತ್ತೇ ಬ್ಯಾಕಪ್ ತೆಗೆಯಿರಿ, ಆಗ ಅಂಗಡಿಯವರು ಹೇಳಿದ್ದು ಸರಿ.

ನಿಮ್ಮ ತೊಂದರೆ ಫೈಬರ್ ಬಂದ ಮೇಲೆ ಶುರುವಾಯಿತು ಅಲ್ವಾ, ಉತ್ತರ ಅಲ್ಲೇ ಇದೆ ಅಂತ ನನಗನಿಸುತ್ತದೆ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಯಾವ ಹಾರ್ಡ್ ಡಿಸ್ಕ್ ಆದರೂ ಒಂದೇ ದೊಡ್ಡ ಫೈಲನ್ನು ಸಾಲಾಗಿ ಬರೆಯುವಾಗ ಇದಕ್ಕಿಂತ ಎಷ್ಟೋ ಜಾಸ್ತಿ ಬರೆಯುತ್ತದೆ. ಆದರೆ ಟೊರೆಂಟ್‌ನಲ್ಲಿ ಡೇಟಾ ಸಾಲಾಗಿ ಬರುವುದಿಲ್ಲ. 16 ಕೆಬಿಯ ಚೂರುಗಳಾಗಿ, ಬೇರೆ ಬೇರೆ ಜನರಿಂದ, ಫೈಲಿನ ಯಾವುದೋ ಜಾಗದ ತುಂಡು ಬರುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 760 ಚೂರು ಆಯಿತು. 5400 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 11 ಮಿಲಿಸೆಕೆಂಡ್ ಬೇಕು, ಅದರ ಮೇಲೆ ಹೆಡ್ ಅಲ್ಲಿಂದಿಲ್ಲಿಗೆ ಓಡುವ ಸಮಯ ಬೇರೆ, ಹಾಗಾಗಿ ಹೀಗೆ ಚದುರಿದ ಜಾಗಗಳಿಗೆ ಸೆಕೆಂಡಿಗೆ ನೂರು ಸಲವೂ ಬರೆಯಲು ಆಗುವುದಿಲ್ಲ. ನಡುವೆ ಕ್ಯಾಶ್, ಅಂದರೆ ಡೇಟಾ ಸ್ವಲ್ಪ ಹೊತ್ತು ಕೂಡಿಡುವ ರ‍್ಯಾಮ್ ಜಾಗ, ಇರುವುದರಿಂದ ಚೂರುಗಳು ಒಟ್ಟಾಗಿ ಡಿಸ್ಕಿಗೆ ಹೋಗುತ್ತವೆ, ಇಲ್ಲದಿದ್ದರೆ ಟೊರೆಂಟ್ ನಡೆಯುತ್ತಲೇ ಇರಲಿಲ್ಲ. ನೆಟ್ ನಿಧಾನ ಇದ್ದಾಗ ಆ ಕ್ಯಾಶ್ ಸಾಲುತ್ತಿತ್ತು, ಈಗ ಸಾಲುತ್ತಿಲ್ಲ. ಸ್ಪೀಡ್ ಸೊನ್ನೆಗೆ ಬೀಳುವುದೂ ಇದಕ್ಕೇ. ಡಿಸ್ಕ್ ಬರೆದು ಮುಗಿಸುವ ತನಕ ಸಾಫ್ಟ್‌ವೇರ್ ಹೊಸ ಡೇಟಾ ತೆಗೆದುಕೊಳ್ಳದೆ ಕಾಯುತ್ತದೆ.

ಮಾಡಬೇಕಾದ ಮೊದಲ ಕೆಲಸ, ಒಂದೇ ಸಮಯಕ್ಕೆ ಎಷ್ಟು ಟೊರೆಂಟ್ ಓಡುತ್ತಿವೆ ಅಂತ ನೋಡಿ. ಆಪ್ಷನ್ಸ್‌ನ ಬಿಟ್‌ಟೊರೆಂಟ್ ಪುಟದಲ್ಲಿ ಟೊರೆಂಟ್ ಕ್ಯೂಯಿಂಗ್ ಇದೆ, ಅಲ್ಲಿ ಆಕ್ಟಿವ್ ಡೌನ್‌ಲೋಡ್ 2ಕ್ಕೆ ಇಳಿಸಿ. ಕಳಿಸುವವರು ಸಾಕಷ್ಟಿದ್ದರೆ ಒಟ್ಟು ಹೊತ್ತು ಜಾಸ್ತಿ ಆಗುವುದಿಲ್ಲ, ನಿಮ್ಮ ಲೈನಿನ ಸ್ಪೀಡ್ ಅಷ್ಟೇ ಅಲ್ವಾ. ಸೀಡಿಂಗ್ (ಇಳಿದದ್ದನ್ನು ಬೇರೆಯವರಿಗೆ ಕಳಿಸುವುದು) ಕೂಡ ಡಿಸ್ಕನ್ನು ಓದಿಸುತ್ತದೆ, ಅದಕ್ಕೂ ಮಿತಿ ಹಾಕಿ. ಆದರೆ ಪೂರ್ತಿ ನಿಲ್ಲಿಸಬೇಡಿ. ಹಳೆಯ ಪುಸ್ತಕಗಳ ಟೊರೆಂಟಿಗೆ ಸೀಡ್ ಮಾಡುವವರೇ ಕಡಿಮೆ.

ಇನ್ನು ಹೆಲ್ಪ್‌ನಲ್ಲಿ ಅಬೌಟ್ ತೆರೆದು ಲಿಬ್‌ಟೊರೆಂಟ್ (ಕ್ಯೂಬಿಟ್‌ಟೊರೆಂಟ್‌ನ ಒಳಗೆ ಟೊರೆಂಟ್ ಕೆಲಸ ಮಾಡುವ ಭಾಗ) ಆವೃತ್ತಿ ಎಷ್ಟು ಅಂತ ಹೇಳಿ. ರಿಸೋರ್ಸ್ ಮಾನಿಟರ್‌ನಲ್ಲಿ ಡಿಸ್ಕ್ ಟ್ಯಾಬ್ ತೆರೆದು ಯಾರು ಜಾಸ್ತಿ ಬರೆಯುತ್ತಿದ್ದಾರೆ, ಓದುತ್ತಿದ್ದಾರೆ ಅಂತಲೂ ನೋಡಿ.

ಕಾಪು ಬೀಚ್:
ನೋಡಿದೆ. ಎರಡೂ ಸಾಲಿನಲ್ಲಿ ಸೊನ್ನೆ, ಮೇಲೆ ನೀಲಿ ಬಣ್ಣದಲ್ಲಿ ಗುಡ್ ಅಂತ ಇದೆ, ಸಮಾಧಾನ ಆಯಿತು. ಲಿಬ್‌ಟೊರೆಂಟ್ 2.0. ಆಕ್ಟಿವ್ ಡೌನ್‌ಲೋಡ್ ಇಳಿಸಿದ ಮೇಲೆ ಮೌಸ್ ಅಲ್ಲಾಡುತ್ತದೆ, ಆದರೆ ಡಿಸ್ಕ್ ಇನ್ನೂ 90ರ ಮೇಲೆಯೇ. ರಿಸೋರ್ಸ್ ಮಾನಿಟರ್‌ನಲ್ಲಿ ಕ್ಯೂಬಿಟ್‌ಟೊರೆಂಟ್ ಜೊತೆಗೆ ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಕೂಡ ಮೇಲೆಯೇ ಕೂತಿದೆ. ಡಿಸ್ಕ್ ಕ್ಯಾಶ್ ಜಾಸ್ತಿ ಮಾಡಿ ಅಂತ ಕೆಲವರು ಹೇಳುತ್ತಾರೆ, ಎಷ್ಟು ಇಡಬೇಕು?

ಸುರತ್ಕಲ್ ಸಿಗ್ನಲ್:
ನಿಮಗೆ ಆ ಸಲಹೆ ಕೆಲಸಕ್ಕೆ ಬರುವುದಿಲ್ಲ. ಅದು ಲಿಬ್‌ಟೊರೆಂಟ್ 1.2 ಇರುವವರಿಗೆ ಮತ್ತು ಯೂಟೊರೆಂಟ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ. ಯೂಟೊರೆಂಟ್‌ನಲ್ಲಿ 'ಡಿಸ್ಕ್ ಓವರ್‌ಲೋಡೆಡ್ 100%' ಅಂತ ಬಂದರೆ ಡಿಸ್ಕ್ ಕ್ಯಾಶ್ ಪುಟಕ್ಕೆ ಹೋಗಿ ಕೈಯಾರೆ 256 ಅಥವಾ 512 ಎಂಬಿ ಕೊಡಬಹುದು. 2.0ರಲ್ಲಿ ಆ ಕ್ಯಾಶ್ ಇಲ್ಲವೇ ಇಲ್ಲ. ಅದು ಫೈಲನ್ನು ನೇರ ಮೆಮೊರಿಗೆ ಮ್ಯಾಪ್ ಮಾಡಿ ಉಳಿದದ್ದನ್ನು ವಿಂಡೋಸ್ ಕೈಗೆ ಬಿಡುತ್ತದೆ. ಹಾರ್ಡ್ ಡಿಸ್ಕ್ ಇರುವ ಕೆಲವು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದರಿಂದ ರ‍್ಯಾಮ್ ತುಂಬಿ, ಆಮೇಲೆ ಎಲ್ಲವೂ ಒಟ್ಟಿಗೆ ಡಿಸ್ಕಿಗೆ ನುಗ್ಗುತ್ತದೆ. ಕ್ಯೂಬಿಟ್‌ಟೊರೆಂಟ್‌ನ ಅಡ್ವಾನ್ಸ್ಡ್ ಪುಟದಲ್ಲಿ ಡಿಸ್ಕ್ ಐಒ ಟೈಪ್ (ಡಿಸ್ಕಿನಲ್ಲಿ ಓದುವ, ಬರೆಯುವ ರೀತಿ) ಅನ್ನು ಪೋಸಿಕ್ಸ್ ಕಂಪ್ಲಯಂಟ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಅದರಿಂದ ಆಗದಿದ್ದರೆ 1.2 ಇರುವ ಆವೃತ್ತಿ ಹಾಕಿ ನೋಡಬಹುದು.

ಡಿಫೆಂಡರ್ ವಿಷಯ. ಅರ್ಧ ಇಳಿದ ಫೈಲನ್ನು ಅದು ಮತ್ತೆ ಮತ್ತೆ ಓದುತ್ತದೆ. ಅಪೂರ್ಣ ಫೈಲುಗಳಿಗೆ ಬೇರೆ ಫೋಲ್ಡರ್ ಮಾಡಿ, ಅದೊಂದನ್ನು ಮಾತ್ರ ಡಿಫೆಂಡರ್‌ನ ಎಕ್ಸ್‌ಕ್ಲೂಷನ್‌ಗೆ (ಸ್ಕ್ಯಾನ್ ಮಾಡದೆ ಬಿಡುವ ಪಟ್ಟಿ) ಸೇರಿಸಿ. ಮುಗಿದ ಫೈಲು ಹೋಗುವ ಫೋಲ್ಡರನ್ನು ಸೇರಿಸಲೇಬೇಡಿ, ಅಲ್ಲಿ ಸ್ಕ್ಯಾನ್ ಆಗಲೇಬೇಕು.

ಪಂಪ್‌ವೆಲ್ ಪಿಸಿ:
ಆ ಅಪೂರ್ಣ ಫೋಲ್ಡರನ್ನು ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಇಟ್ಟರೆ ಅರ್ಧಕ್ಕರ್ಧ ತಲೆನೋವು ಹೋಗುತ್ತದೆ. ಡೌನ್‌ಲೋಡ್ಸ್ ಪುಟದಲ್ಲಿ ಅದಕ್ಕೆ ಆಯ್ಕೆ ಇದೆ. ಚೂರು ಚೂರಾಗಿ ಬರುವುದೆಲ್ಲ ಎಸ್‌ಎಸ್‌ಡಿಗೆ, ಮುಗಿದ ಮೇಲೆ ಅದೇ ಸಾಲಾಗಿ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅನ್ನುವ ಹೆದರಿಕೆ ಬೇಡ, ಸಣ್ಣ ಎಸ್‌ಎಸ್‌ಡಿ ಕೂಡ ಹತ್ತಾರು ಟಿಬಿ ಬರೆಸಿಕೊಳ್ಳುತ್ತದೆ. ಹೊರಗಿನ ಡಿಸ್ಕ್ ಆದರೆ ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ. ಮತ್ತೆ ಹೊಸ ಹಾರ್ಡ್ ಡಿಸ್ಕ್ ಕೊಳ್ಳುವುದಾದರೆ ಎಸ್‌ಎಂಆರ್ ಹೌದೋ ಅಲ್ಲವೋ ಅಂತ ಕೇಳಿಕೊಂಡು ತೆಗೆದುಕೊಳ್ಳಿ. ಅದರಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಹಾಸಿರುತ್ತವೆ, ನಡುವೆ ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಟೊರೆಂಟಿಗೆ ಅದು ಬೇಡವೇ ಬೇಡ.

ಕಾಪು ಬೀಚ್:
ಐಒ ಟೈಪ್ ಬದಲಿಸಿ, ಫೋಲ್ಡರ್ ಬೇರೆ ಮಾಡಿ ಎಕ್ಸ್‌ಕ್ಲೂಷನ್ ಹಾಕಿದೆ. ಡಿಸ್ಕ್ ಈಗ 40, 50ರ ಹತ್ತಿರ ಓಡುತ್ತಿದೆ, ಸ್ಪೀಡ್ ಕೂಡ ಒಂದೇ ಸಮ ಬರುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೊನೆಯದಾಗಿ ಒಂದು ಪ್ರಶ್ನೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ, ಇಲ್ಲಿ ಮಳೆಗಾಲದಲ್ಲಿ ಗುಡುಗು ಬಂದರೆ ಕರೆಂಟ್ ಹೋಗುತ್ತದೆ. ಅರ್ಧ ಇಳಿದ ಫೈಲು ಹಾಳಾಗುತ್ತದಾ?

ಸುರತ್ಕಲ್ ಸಿಗ್ನಲ್:
ಕ್ಯಾಶ್‌ನಲ್ಲಿ ಇದ್ದದ್ದು ಹೋಗುತ್ತದೆ, ಇಳಿದದ್ದೆಲ್ಲ ಹೋಗುವುದಿಲ್ಲ. ಯೂಟೊರೆಂಟ್ ಬಳಸುವವರು ಕ್ಯಾಶನ್ನು ಸಿಕ್ಕಾಪಟ್ಟೆ ಏರಿಸಬಾರದು ಅನ್ನುವುದೂ ಅದಕ್ಕೇ. ಟೊರೆಂಟ್ ಫೈಲಿನಲ್ಲಿ ಪ್ರತಿ ತುಂಡಿಗೂ ಒಂದು ಹ್ಯಾಶ್ (ತುಂಡು ಸರಿ ಇದೆಯಾ ಅಂತ ತಾಳೆ ನೋಡುವ ಗುರುತು) ಇರುತ್ತದೆ. ಕರೆಂಟ್ ಬಂದ ಮೇಲೆ ಟೊರೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಫೋರ್ಸ್ ರೀಚೆಕ್ ಕೊಡಿ, ಕೆಟ್ಟ ತುಂಡು ಮಾತ್ರ ಮತ್ತೆ ಇಳಿಯುತ್ತದೆ. ಆ ಹೊತ್ತಿಗೆ ಡಿಸ್ಕ್ 100% ತೋರಿಸಿದರೆ ಗಾಬರಿ ಬೇಡ, ಅದು ಇಡೀ ಫೈಲನ್ನು ಓದುತ್ತಿರುತ್ತದೆ. ಎಲ್ಲ ಟೊರೆಂಟಿಗೂ ಒಟ್ಟಿಗೆ ಕೊಡಬೇಡಿ, ಒಂದೊಂದಾಗಿ ಮಾಡಿ. ಗುಡುಗು ಜೋರಾಗಿದ್ದರೆ ಟೊರೆಂಟ್ ನಿಲ್ಲಿಸಿ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಮತ್ತು ರೂಟರ್ ಪ್ಲಗ್ ಎರಡನ್ನೂ ತೆಗೆದಿಡಿ.